ಅಕ್ಷರ ಇಲ್ಲದ ಒಂಬತ್ತನೇ ನಂಬರ್

ಬುಧವಾರ ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಎತ್ತಿದ್ದೆನಷ್ಟೇ, ಮೊಬೈಲಿಗೆ ಸಂದೇಶ ಬಂತು. ಹಳೇ ಸಾಮಾನು ಮಾರುವ ಆ್ಯಪಿನಲ್ಲಿ ಹಿಂದಿನ ವಾರ ನನ್ನ ಚಿಕ್ಕಮ್ಮನ ಕನ್ನಡ ಟೈಪ್‌ರೈಟರ್ ಕೊಂಡಿದ್ದ ಮನುಷ್ಯನದು. "ಮಿಷನ್ ಡ್ಯಾಮೇಜ್ ಆಗಿದೆ. ಒಂದು ಕೀ ಮೇಲೂ ಅಕ್ಷರ ಇಲ್ಲ. ಯಾರೋ ಬೇಕಂತಲೇ ಉಜ್ಜಿ ತೆಗೆದಿದ್ದಾರೆ. ಜಾಹೀರಾತಿನಲ್ಲಿ ಇದನ್ನ ಹೇಳಿಲ್ಲ. ವಾಪಸ್ ತಗೊಂಡು ಹೋಗಿ." ಕೆಳಗೆ ನಾಲ್ಕು ಫೋಟೊ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಒಲೆ ಮೇಲಿನ ಹಾಲಾದರೂ ಬಿಸಿಯಾದ ಮೇಲೆ ಉಕ್ಕುತ್ತೆ, ನೀವು ಅದಕ್ಕೂ ಮೊದಲೇ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ನಿಂತ ನಿಲುವಿನಲ್ಲೇ ಉತ್ತರ ಕುಟ್ಟಿದೆ. "ನಲವತ್ತು ವರ್ಷ ಬೆರಳು ಬಿದ್ದ ಕೀ ಸವೆಯದೆ ಚಿಗುರುತ್ತಾ ಸ್ವಾಮಿ? ಹಳೇದು ಅಂತ ಗೊತ್ತಿದ್ದೇ ತಗೊಂಡಿರಿ. ಈಗ ಮನಸ್ಸು ಬದಲಾಯ್ತು ಅಂತ ಇಲ್ಲದ ಹುಳುಕು ಹುಡುಕಬೇಡಿ." ಕಳಿಸಿದ ಮೇಲೆ ಫೋಟೊ ದೊಡ್ಡದು ಮಾಡಿ ನೋಡಿದೆ. ನಾಲ್ಕು ಸಾಲು ಕೀ, ಎಲ್ಲವೂ ಬೋಳು. ಮೊಬೈಲನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆ. ಏಕೆಂದರೆ ಆ ಮಿಷನ್ನಿನ ಮುಂದೆ ನಾನೇ ಎರಡು ವರ್ಷ ಕೂತಿದ್ದೇನೆ. ಅದಕ್ಕೆ ಅಕ್ಷರ ಇಲ್ಲ ಎನ್ನುವುದು ನನಗೆ ಗೊತ್ತೇ ಇರಲಿಲ್ಲ.

ಟೈಪಿಂಗ್ ಕಲಿಯದವರಿಗೆ ಇದು ನಂಬುವ ಮಾತಲ್ಲ. ಕಲಿತವರಿಗೆ ಗೊತ್ತು, ಕಣ್ಣು ಇರಬೇಕಾದದ್ದು ಎಡಗಡೆಯ ಕಾಗದದ ಮೇಲೆ, ಕೈಯ ಮೇಲಲ್ಲ. ಅದರಲ್ಲೂ ನಮ್ಮ ಚಿಕ್ಕಮ್ಮನ ಹತ್ತಿರ ಕಲಿತವರು ಕೆಳಗೆ ನೋಡಿದರೆ ಬೆರಳ ಗೆಣ್ಣಿಗೆ ಮರದ ಸ್ಕೇಲಿನ ಏಟು ಖಾತ್ರಿ. ಜಾಹೀರಾತಿಗೆಂದು ನಾನು ತೆಗೆದ ಫೋಟೊಗಳೂ ಹಾಗೇ ಇದ್ದವು: ಕಾಗದ ಸುತ್ತುವ ಉರುಳೆ, ಸಾಲು ಬದಲಿಸಲು ಎಳೆಯುವ ಪಕ್ಕದ ಹಿಡಿ, ಸಾಲು ಮುಗಿದಾಗ ಬಾರಿಸುವ ಗಂಟೆ, ಟೈಪಾದ ಒಂದು ಹಾಳೆ. ಕೀಗಳ ಫೋಟೊ ಒಂದೂ ಇಲ್ಲ. "ಎಲ್ಲ ಕೀಗಳೂ ಚೆನ್ನಾಗಿ ಕೆಲಸ ಮಾಡುತ್ತವೆ" ಎಂದು ಬರೆದಿದ್ದೆ. ಅದು ನಿಜವೇ ಆಗಿತ್ತು.

ಅಷ್ಟರಲ್ಲಿ ಆತನ ಮರುಉತ್ತರ ಬಂತು. "ನಾನು ರಿಟೈರ್ ಆದ ಫಿಟ್ಟರ್. ಸವೆತ ಯಾವುದು, ಕಬ್ಬಿಣ ಉಜ್ಜೋ ಅರದ ಗೆರೆ ಯಾವುದು ಅಂತ ನನಗೆ ಹೇಳಿಕೊಡಬೇಡಿ. ನಡುವೆ ಬೆರಳು ತಿಂದಿದೆ, ಅಂಚಿನಲ್ಲಿ ಅರದ ಗುರುತು ಹಾಗೇ ಇದೆ. ಮೂರನೇ ಫೋಟೊ ನೋಡಿ." ನೋಡಿದೆ. ಕೀಯ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಓಡಿದ್ದವು. ಶಟರ್ ಕೆಳಗೆಳೆದು ಚಿಕ್ಕಮ್ಮನ ಹತ್ತಿರ ಹೊರಟೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಸೈಕಲ್ ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ಒಂದೇ ಒಂದು ಉದ್ದನೆಯ ಕೋಣೆಯಲ್ಲಿ ಮೂವತ್ತೆಂಟು ವರ್ಷ ಟೈಪಿಂಗ್ ಕ್ಲಾಸು ನಡೆಸಿದವಳು. ಒಂಬತ್ತು ಮೇಜು, ಒಂಬತ್ತು ಮಿಷನ್ನು, ಗಂಟೆಗೊಂದು ಬ್ಯಾಚು. ಯಾರ ಹೆಸರನ್ನೂ ನೆನಪಿಟ್ಟುಕೊಂಡವಳಲ್ಲ. ಹೊತ್ತು ಮತ್ತು ನಂಬರೇ ಅವಳಿಗೆ ಹೆಸರು. ಬ್ಯಾಂಕಿನ ದೊಡ್ಡ ಕುರ್ಚಿಯಲ್ಲಿ ಕೂತ ಮನುಷ್ಯನನ್ನು ನೋಡಿ, "ಇವನು ಸಂಜೆ ಐದರ ಆರನೇ ನಂಬರ್. ಬೆನ್ನು ಗೂನು ಮಾಡ್ಕೊಂಡು ಕೂರ್ತಿದ್ದ, ಈಗ್ಲೂ ಹಾಗೇ ಕೂತಿದ್ದಾನೆ ನೋಡು" ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳಿದ್ದಳು. ಆತ ಅಲ್ಲೇ ನೆಟ್ಟಗೆ ಕೂತ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಯಾವ ಬ್ಯಾಚೂ ಖಾಲಿ ಇರ್ಲಿಲ್ಲ" ಎನ್ನುತ್ತಿದ್ದಳು.

ಆ ಕೋಣೆಯ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಮೆಟ್ಟಿಲ ಬುಡದಲ್ಲೇ ಶುರುವಾಗುತ್ತಿತ್ತು. ಕೆಳಗೆ ಸೈಕಲ್ ಚಕ್ರಕ್ಕೆ ಸುತ್ತಿಗೆ, ಮೇಲೆ ಒಂಬತ್ತು ಮಿಷನ್ನಿನ ಟಕಟಕ, ನಡುನಡುವೆ ಸಾಲು ಮುಗಿದವರ ಗಂಟೆ. ಒಳಗೆ ಕಾಲಿಟ್ಟರೆ ರಿಬ್ಬನ್ನಿನ ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ. ಶನಿವಾರ ಸಂಜೆ ಎಲ್ಲರೂ ಸೇರಿ ಮಿಷನ್ನು ಒರೆಸಬೇಕಿತ್ತು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಅಕ್ಷರದ ಕಡ್ಡಿಗಳ ಸಂದಿ ತಿಕ್ಕಬೇಕಿತ್ತು. ಒಂಬತ್ತನೆಯದನ್ನು ಮಾತ್ರ ಚಿಕ್ಕಮ್ಮ ಯಾರ ಕೈಗೂ ಕೊಡದೆ ತಾನೇ ಒರೆಸುತ್ತಿದ್ದಳು. ಈಗ ನನ್ನ ಅಂಗಡಿಯಲ್ಲಿ ಕಂಪ್ಯೂಟರಿದೆ, ದಿನವಿಡೀ ಅರ್ಜಿ, ಕರಾರುಪತ್ರ ಟೈಪ್ ಮಾಡುತ್ತೇನೆ. ಬೆರಳಿಗೆ ಸುಖ, ಕಿವಿಗೆ ಏನೂ ಇಲ್ಲ.

ಎಂಟು ವರ್ಷದ ಹಿಂದೆ ಕೊನೆಯ ಬ್ಯಾಚು ಮುಗಿಯಿತು. ಆದರೂ ಚಿಕ್ಕಮ್ಮ ಬಾಡಿಗೆ ಕಟ್ಟಿಕೊಂಡು ಕೋಣೆ ಇಟ್ಟುಕೊಂಡಿದ್ದಳು, ವಾರಕ್ಕೊಮ್ಮೆ ಹೋಗಿ ಒಂಬತ್ತನ್ನೂ ಒರೆಸಿ ಬರುತ್ತಿದ್ದಳು. ಈಗ ಕಟ್ಟಡ ಕೈ ಬದಲಾಗಿ, ಈ ಶನಿವಾರದೊಳಗೆ ಬೀಗದ ಕೈ ಒಪ್ಪಿಸಬೇಕಾಗಿ ಬಂದಿತ್ತು. ಎಂಟು ಮಿಷನ್ನುಗಳನ್ನು ಗುಜರಿಯವನು ಎತ್ತಿಕೊಂಡು ಹೋದ. ಮೆಟ್ಟಿಲಿಳಿಸಲು ಭಾರವೆಂದು ಅಲ್ಲೇ ಸುತ್ತಿಗೆಯಿಂದ ಒಡೆದು ಬಿಡಿ ಮಾಡಿದ. ಚಿಕ್ಕಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಒಂಬತ್ತನೆಯದಕ್ಕೆ ಅವನು ಕೈಹಾಕಿದಾಗ ತಿರುಗಿ, "ಅದನ್ನ ಮುಟ್ಟಬೇಡ" ಎಂದಳು.

ನಮ್ಮ ಮನೆಗೇ ತರೋಣ ಎಂದೆ. ಒಪ್ಪಲಿಲ್ಲ. "ಬಟ್ಟೆ ಮುಚ್ಚಿ ಮೂಲೇಲಿ ಕೂರಿಸೋಕಾ? ನನ್ನ ಗೆಣ್ಣೆಲ್ಲ ಊದ್ಕೊಂಡಿವೆ, ನಾನು ಹೊಡೆಯಲ್ಲ. ನಿನಗೆ ಕಂಪ್ಯೂಟರಿದೆ, ನೀನು ಹೊಡೆಯಲ್ಲ. ಹೊಡೆಯೋರಿಗೆ ಕೊಡು. ಸಿಗ್ಲಿಲ್ವಾ, ಗುಜರಿಗೆ ಹಾಕು, ನಾನು ಅಳಲ್ಲ." ಜಾಹೀರಾತು ಹಾಕಿದೆ. ಮೂವರು ಕೇಳಿದರು. ಒಬ್ಬರಿಗೆ ಬಟ್ಟೆ ಅಂಗಡಿಯ ಗಾಜಿನ ಹಿಂದೆ ಅಲಂಕಾರಕ್ಕೆ ಬೇಕಿತ್ತು. ಇನ್ನೊಬ್ಬರಿಗೆ ಫೋಟೊ ತೆಗೆಸಿಕೊಳ್ಳಲು. ಮೂರನೆಯವರು ಕೇಳಿದ್ದು ಒಂದೇ ಮಾತು: "ಇದಕ್ಕೆ ರಿಬ್ಬನ್ ಎಲ್ಲಿ ಸಿಗುತ್ತೆ?" ಚಿಕ್ಕಮ್ಮ ತಕ್ಷಣ, "ರಿಬ್ಬನ್ ಕೇಳಿದವರಿಗೆ ಕೊಡು" ಎಂದಳು. ಆ ಮೂರನೆಯವರೇ ಈ ಫಿಟ್ಟರ್.

ಹಾಗಾಗಿ ಬುಧವಾರ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದೆ. ಆತ ವಾಪಸ್ ಕಳಿಸಿದರೆ ಒಂಬತ್ತನೇ ನಂಬರ್ ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು. ಚಿಕ್ಕಮ್ಮ ಹಟ ಹಿಡಿದರೆ ಹಿಡಿದಳು, ಬ್ರಹ್ಮ ಬಂದರೂ ಬಿಡಿಸಲಾಗದು.

ಅವಳು ಖಾಲಿ ಕೋಣೆಯಲ್ಲಿ ಉಳಿದ ಒಂದೇ ಮೇಜಿನ ಮುಂದೆ ಕೂತು ಹಳೇ ಹಾಜರಿ ಪುಸ್ತಕಗಳನ್ನು ಕಟ್ಟುತ್ತಿದ್ದಳು. ನಾನು ಫೋಟೊ ತೋರಿಸಿ, ಏರಿದ ದನಿಯಲ್ಲೇ ಹೇಳಿದೆ, "ನೋಡು, ಅರದಿಂದ ಉಜ್ಜಿದ್ದಾರಂತೆ. ಮಹಾ ಫಿಟ್ಟರ್ ಅಂತೆ. ಸರಿಯಾಗಿ ಜಾಡಿಸಿದ್ದೀನಿ."

ಚಿಕ್ಕಮ್ಮ ಕನ್ನಡಕ ಹಣೆಗೇರಿಸಿ ಫೋಟೊವನ್ನು ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ನೋಡಿದಳು.

"ಏನಂತ ಜಾಡಿಸಿದೆ?"

ಓದಿ ಹೇಳಿದೆ.

"ಅವರು ಹೇಳಿದ್ದು ಸರಿ ಇದೆ ಕಣೋ," ಎಂದಳು. "ಅರದಿಂದಲೇ ಉಜ್ಜಿದ್ದು. ಉಜ್ಜಿದ್ದು ನಾನೇ."

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಾನು ಮಾಡಿದ್ದು ಅದೇ. ಸಂದೇಶ ಅಳಿಸಲು ಹೋದರೆ ಆತ ಆಗಲೇ ಓದಿಯಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸುಮ್ಮನೆ ಹೇಳಲಿಲ್ಲ ಹಿರಿಯರು.

"ಯಾಕೆ ಉಜ್ಜಿದೆ?" ಎಂದು ಕೇಳಿದೆ.

"ನಿಮ್ಮಮ್ಮನಿಗೋಸ್ಕರ," ಎಂದಳು.

ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಅಮ್ಮನಿಗೆ ಮೂವತ್ತೊಂದು. ಅಪ್ಪನ ಆಫೀಸಿನವರು ಅಮ್ಮನಿಗೆ ಟೈಪಿಸ್ಟ್ ಕೆಲಸ ಕೊಡುತ್ತೇವೆಂದಿದ್ದರು, ಆದರೆ ಮೂರು ತಿಂಗಳಲ್ಲಿ ಪರೀಕ್ಷೆ ಪಾಸಾಗಿ ಬರಬೇಕು. ಇಷ್ಟು ನನಗೆ ಗೊತ್ತಿತ್ತು. ಉಳಿದದ್ದನ್ನು ಚಿಕ್ಕಮ್ಮ ಹೇಳಿದಳು, ಹಾಜರಿ ಪುಸ್ತಕದ ದಾರದ ಗಂಟನ್ನು ಬಿಚ್ಚುತ್ತ ಕಟ್ಟುತ್ತ.

ಅಮ್ಮನಿಗೆ ಟೈಪಿಂಗ್ ಕಬ್ಬಿಣದ ಕಡಲೆಯಾಗಿತ್ತು. ಬೆಳಿಗ್ಗೆ ಆರರ ಬ್ಯಾಚು, ಒಂಬತ್ತನೇ ನಂಬರು. ಕೂತ ತಕ್ಷಣ ಕಣ್ಣು ಕೆಳಗೆ. ಒಂದು ಅಕ್ಷರ ಕಾಗದದಲ್ಲಿ ನೋಡುವುದು, ಕೀಯಲ್ಲಿ ಹುಡುಕುವುದು, ಮತ್ತೆ ತಲೆ ಎತ್ತುವಷ್ಟರಲ್ಲಿ ಸಾಲು ತಪ್ಪಿಹೋಗುವುದು. ಚಿಕ್ಕಮ್ಮ ಅಕ್ಕನ ಗೆಣ್ಣಿಗೆ ಸ್ಕೇಲು ಎತ್ತಲಾರಳು. ಕೈ ಮೇಲೆ ಕರ್ಚೀಫು ಮುಚ್ಚಿದಳು. ಅಮ್ಮ ಕರ್ಚೀಫು ಎತ್ತಿ ನೋಡಿದಳು. ಲೈಟು ಆರಿಸಿದಳು. ಅಮ್ಮ ಕಿಟಕಿ ತೆರೆದಳು. ಒಂದು ತಿಂಗಳು ಕಳೆದರೂ ನಿಮಿಷಕ್ಕೆ ಎಂಟು ಪದ ದಾಟಲಿಲ್ಲ. ಬೇಕಾಗಿದ್ದದ್ದು ಮೂವತ್ತು.

"ಒಂದು ಭಾನುವಾರ ಕೆಳಗಿನ ಸೈಕಲ್ ಅಂಗಡಿಯಿಂದ ಸಣ್ಣ ಅರ ಈಸ್ಕೊಂಡು ಬಂದೆ. ಬೆಳಿಗ್ಗೆ ಕೂತವಳು ಮಧ್ಯಾಹ್ನ ಎದ್ದೆ. ನಲವತ್ತಾರು ಕೀ. ಸೋಮವಾರ ನಿಮ್ಮಮ್ಮ ಬಂದು ಕೂತಳು, ಕೆಳಗೆ ನೋಡಿದಳು. ಏನೂ ಇಲ್ಲ."

"ಏನಂದಳು?"

"ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂದಳು. ಗಂಡ ಸತ್ತು ಕತ್ತಲಲ್ಲಿ ನಿಂತಿದ್ದೀನಿ, ಇರೋ ಬೆಳಕನ್ನೂ ನೀನೇ ಕಿತ್ಕೊಂಡೆಯಲ್ಲೇ ಅಂದಳು. ಎಂಟು ಜನರ ಮುಂದೆ ಅತ್ತಳು. ನಾನು ಏಳು ಅನ್ನಲಿಲ್ಲ. ಮೊದಲನೇ ಪಾಠದಿಂದ ಶುರು ಮಾಡು ಅಂದೆ."

ಅಮ್ಮ ಶುರು ಮಾಡಿದಳು. ಎರಡು ತಿಂಗಳಿಗೆ ಮೂವತ್ತನಾಲ್ಕು ಪದ. ಪರೀಕ್ಷೆ ಪಾಸು, ಕೆಲಸ ಸಿಕ್ಕಿತು, ಇಪ್ಪತ್ತೇಳು ವರ್ಷ ಮಾಡಿದಳು. ನಾನು ಉಂಡ ಅನ್ನ, ಉಟ್ಟ ಬಟ್ಟೆ, ಕಲಿತ ನಾಲ್ಕಕ್ಷರ ಎಲ್ಲ ಆ ಬೋಳು ಕೀಗಳಿಂದ ಬಂದದ್ದು. ಆದರೆ ಪರೀಕ್ಷೆ ಮುಗಿದ ಮೇಲೆ ಅಮ್ಮ ಆ ಮಾಳಿಗೆಯ ಮೆಟ್ಟಿಲು ಹತ್ತಲಿಲ್ಲ. ಅಕ್ಕತಂಗಿ ಮಾತು ಬಿಟ್ಟವರಲ್ಲ, ಹಬ್ಬ ಹುಣ್ಣಿಮೆ ಒಟ್ಟಿಗೇ ಉಣ್ಣುತ್ತಿದ್ದರು, ಆದರೂ ನಡುವೆ ಏನೋ ಒಂದು ತಣ್ಣಗಿತ್ತು. "ನಿನ್ನ ಚಿಕ್ಕಮ್ಮ ಒಳ್ಳೆಯವಳೇ. ಕರುಳು ಒಂದು ಕಮ್ಮಿ," ಎನ್ನುತ್ತಿದ್ದಳು ಅಮ್ಮ. ನನಗೆ ಹದಿನೇಳಾದಾಗ ಮಾತ್ರ ತಾನಾಗಿಯೇ, "ಹೋಗು, ಅವಳ ಹತ್ತಿರವೇ ಕಲಿ. ಕೈಗೆ ಬರುತ್ತೆ" ಎಂದು ಕಳಿಸಿದಳು. ಚಿಕ್ಕಮ್ಮ ನನ್ನನ್ನು ಒಂಬತ್ತನೇ ನಂಬರಿಗೇ ಕೂರಿಸಿದಳು. ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಅಮ್ಮ ಸಾಯೋ ಮುಂಚೆ ಈ ವಿಷಯ ಮಾತಾಡಿದಿರಾ?" ಎಂದೆ. ಅಮ್ಮ ಹೋಗಿ ಆಗ ಎರಡು ವರ್ಷವಾಗಿತ್ತು.

"ಇಲ್ಲ. ಕೇಳೋಕೆ ಧೈರ್ಯ ಬರ್ಲಿಲ್ಲ. ಮಾಡಿದ್ದು ಸರಿನಾ ತಪ್ಪಾ ಅಂತ ನನಗೇ ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ಆ ಒಂದು ಮಿಷನ್ನು ಸುತ್ತಿಗೆಗೆ ಕೊಡೋಕೆ ಆಗ್ಲಿಲ್ಲ." ಗಂಟು ಬಿಗಿದು ಎದ್ದಳು. "ಇರಲಿ. ಆ ಫಿಟ್ಟರ್‌ಗೆ ಫೋನು ಮಾಡು. ಅಕ್ಷರ ಬೇಕಂದ್ರೆ ಅಕ್ಷರ ಕೊಡೋಣ."

ಫೋನು ಮಾಡಿದೆ. ಸಿಟ್ಟಿನ ಮನುಷ್ಯನಿಗೆ ಕ್ಷಮೆ ಕೇಳುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. "ತಪ್ಪು ನಮ್ಮದೇ, ನೀವು ಹೇಳಿದ್ದೇ ಸರಿ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.  ಆಚೆ ಕಡೆಯಿಂದ ಅವರು, "ಮಿಷನ್ನು ಒಳ್ಳೇದಿದೆ ಸ್ವಾಮಿ. ನನಗೂ ಕಳಿಸೋ ಆಸೆ ಇಲ್ಲ. ಆದ್ರೆ ಅಕ್ಷರ ಇಲ್ದೆ ನಾನೇನು ಮಾಡಲಿ?" ಎಂದರು. ಶುಕ್ರವಾರ ಬಂದು ಎಲ್ಲ ಕೀಗೂ ಅಕ್ಷರ ಅಂಟಿಸಿ ಕೊಡುತ್ತೇವೆ, ಒಪ್ಪಿಗೆಯಾಗದಿದ್ದರೆ ಅಲ್ಲಿಂದಲೇ ವಾಪಸ್ ತರುತ್ತೇವೆ ಎಂದೆ. ಸರಿ ಎಂದರು.

ಗುರುವಾರ ನಾವಿಬ್ಬರೂ ಒಂಬತ್ತನೇ ನಂಬರಿನ ಖಾಲಿ ಮೇಜಿನ ಮುಂದೆ ಕೂತೆವು. ಗಟ್ಟಿ ಕಾಗದದಲ್ಲಿ ಸಣ್ಣ ಬಿಲ್ಲೆಗಳನ್ನು ಕತ್ತರಿಸಿ, ಸಾಲಿನ ಪ್ರಕಾರ ಅಕ್ಷರ ಬರೆದು ಜೋಡಿಸಿಟ್ಟುಕೊಂಡರೆ ಅಲ್ಲಿ ಹೋಗಿ ಅಂಟಿಸುವುದಷ್ಟೇ ಕೆಲಸ. ನಾನು ಪೆನ್ನು ಹಿಡಿದು, "ಹೇಳು. ಮೇಲಿನ ಸಾಲು, ಎಡಗಡೆಯಿಂದ ಮೂರನೇದು ಯಾವ ಅಕ್ಷರ?" ಎಂದೆ.

ಚಿಕ್ಕಮ್ಮ ಬಾಯಿ ತೆರೆದಳು. ಮುಚ್ಚಿದಳು. "ನೀನು ಹೇಳು, ನಿನಗೂ ಬರುತ್ತಲ್ಲ."

ನನಗೂ ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷ ಕಲಿಸಿದವಳು, ಇಪ್ಪತ್ತೈದು ವರ್ಷ ಅದರಲ್ಲೇ ಹೊಟ್ಟೆ ಹೊರೆದವನು, ಇಬ್ಬರಿಗೂ ಯಾವ ಅಕ್ಷರ ಎಲ್ಲಿದೆಯೆಂದು ಹೇಳಲು ಬಾರದು. ಗೋಡೆಗೆ ನೇತುಹಾಕಿದ್ದ ಅಕ್ಷರಗಳ ಚಾರ್ಟನ್ನು ಗುಜರಿಯವನು ಮಿಷನ್ನುಗಳ ಜೊತೆಗೇ ಸುತ್ತಿಕೊಂಡು ಹೋಗಿದ್ದ. ನನ್ನ ಕಂಪ್ಯೂಟರಿನ ಕೀಗಳ ಮೇಲಿರುವುದು ಇಂಗ್ಲಿಷ್, ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕಿದ್ದು ಬೇರೆ ಜೋಡಣೆ. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ಅವಳು ಹಾಗೆ ನಕ್ಕದ್ದು. "ಇಷ್ಟು ವರ್ಷ ನಾನು ಕಲಿಸಿದ್ದು ಬೆರಳಿಗೆ, ತಲೆಗಲ್ಲ. ಥೂ, ಒಬ್ಬರಿಗೂ ತಲೆಗೆ ಹತ್ತಿಸಲಿಲ್ಲ."

ಮಿಷನ್ನು ಇದ್ದಿದ್ದರೆ ಒಂದೊಂದೇ ಕೀ ಒತ್ತಿ ಕಾಗದದಲ್ಲಿ ನೋಡಬಹುದಿತ್ತು, ಆದರೆ ಅದು ಫಿಟ್ಟರ್ ಮನೆಯಲ್ಲಿತ್ತು, ಬೇರೆ ದಾರಿ ಇರಲಿಲ್ಲ. ಅವಳು ಬರಿ ಮೇಜಿನ ಮೇಲೆ ಕೈಯಿಟ್ಟಳು, ಎದುರಿಗೆ ಮಿಷನ್ನು ಇದ್ದಂತೆ. ಬೆನ್ನು ನೆಟ್ಟಗೆ, ಮಣಿಕಟ್ಟು ಸಡಿಲ, ಕಣ್ಣು ಮುಚ್ಚಿ. ನಾನೊಂದು ಪದ ಹೇಳುವುದು, ಅವಳ ಬೆರಳು ತಾನಾಗಿ ಹೋಗಿ ಮರಕ್ಕೆ ಬಡಿಯುವುದು, ಬಡಿದ ಜಾಗದಲ್ಲಿ ನಾನು ಸೀಮೆಸುಣ್ಣದಿಂದ ಅಕ್ಷರ ಬರೆಯುವುದು. ಊದಿದ ಗೆಣ್ಣುಗಳು, ಆದರೂ ಬೆರಳು ತಡವರಿಸಲಿಲ್ಲ. ಟಪ್, ಟಪ್, ಟಪ್. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ನಾಲ್ಕು ಸಾಲು ಮೂಡತೊಡಗಿತು.

ಆಗ ನನ್ನ ಕೈಯ ಸೀಮೆಸುಣ್ಣ ನಿಂತಿತು. ಬೆರಳುಗಳು ಹೀಗೆ ಆಡುವುದನ್ನು ನಾನು ಬೇರೆ ಕಡೆಯೂ ನೋಡಿದ್ದೆ. ಆಸ್ಪತ್ರೆಯಲ್ಲಿ, ಅಮ್ಮನ ಕೊನೆಯ ಎರಡು ದಿನ. ಮಾತು ನಿಂತುಹೋಗಿತ್ತು, ಆದರೆ ಹೊದಿಕೆಯ ಮೇಲೆ ಅಮ್ಮನ ಬೆರಳುಗಳು ಆಡುತ್ತಲೇ ಇದ್ದವು. ಎಡಗೈ ಕಿರುಬೆರಳಿಂದ ಒಂದೊಂದಾಗಿ ಒಳಗೆ, ಆಮೇಲೆ ಬಲಗೈ, ಒಂದು ಹೆಬ್ಬೆರಳು, ಮತ್ತೆ ಮೊದಲಿಂದ. ನರದ ನಡುಕ ಎಂದು ನರ್ಸು ಹೇಳಿದ್ದಳು. ನಾನು ನಂಬಿ ಆ ಕೈಗಳನ್ನು ಹಿಡಿದು ಒತ್ತಿ ನಿಲ್ಲಿಸಲು ನೋಡಿದ್ದೆ. ಎಂಥ ಮೂರ್ಖ ನಾನು. 

"ಯಾಕೆ ನಿಲ್ಸಿದೆ?" ಚಿಕ್ಕಮ್ಮ ಕಣ್ಣು ತೆರೆದಳು.

"ಏನಿಲ್ಲ. ಸೀಮೆಸುಣ್ಣ ಮುರೀತು," ಎಂದೆ. ತುಂಡನ್ನು ಎತ್ತಿಕೊಂಡು ಮುಂದಿನ ಪದ ಹೇಳಿದೆ.

ಶುಕ್ರವಾರ ಮಧ್ಯಾಹ್ನ ಬಸ್ಸು ಹಿಡಿದು ಹೋದೆವು. ಫಿಟ್ಟರ್ ಮನೆಯ ಹಿಂದಿನ ಕೋಣೆಯೇ ಅವರ ಕಾರ್ಖಾನೆ. ಗೋಡೆಯ ಮೇಲೆ ಅರಗಳು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ನೇತುಬಿದ್ದಿದ್ದವು. ಕಿಟಕಿಯ ಬಳಿ, ಒಳ್ಳೆ ಬೆಳಕಿರುವ ಜಾಗದಲ್ಲಿ, ಒಂಬತ್ತನೇ ನಂಬರ್. ಆಗಲೇ ಎಣ್ಣೆ ಹಾಕಿ ಒರೆಸಿದ್ದರು, ಹೊಸ ರಿಬ್ಬನ್ನೂ ಹಾಕಿದ್ದರು. ಚಿಕ್ಕಮ್ಮ ಅದನ್ನು ನೋಡಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ನೇರವಾಗಿ ಹೇಳಿದಳು.

"ಉಜ್ಜಿದ್ದು ನಾನು. ಇವನಿಗೆ ಗೊತ್ತಿರ್ಲಿಲ್ಲ. ಜಾಹೀರಾತಲ್ಲಿ ಬರೀಬೇಕಿತ್ತು, ಬರೀಲಿಲ್ಲ. ನಮ್ಮ ತಪ್ಪೇ."

"ಯಾವ ಅರ?" ಎಂದು ಕೇಳಿದರು ಫಿಟ್ಟರ್.

"ಸೈಕಲ್ ಅಂಗಡಿದು. ಚಪ್ಪಟೆ, ಸಣ್ಣ ಹಲ್ಲಿಂದು."

ಅವರು ಒಂದು ಕೀಯನ್ನು ಬೆಳಕಿಗೆ ಓರೆಯಾಗಿ ನೋಡಿದರು. "ಅಡ್ಡ ಓಡಿಸಿದ್ದೀರಿ. ಉದ್ದ ಓಡಿಸಬೇಕಿತ್ತು. ಆದ್ರೂ ಕೈ ಸಮ ಇದೆ, ಒಂದು ಕೀನೂ ತಗ್ಗು ಬಿದ್ದಿಲ್ಲ. ಅರ ಹಿಡಿದು ಅಭ್ಯಾಸ ಇತ್ತಾ?"

"ಅದೇ ಮೊದಲು, ಅದೇ ಕೊನೆ," ಎಂದಳು ಚಿಕ್ಕಮ್ಮ. ಒಳ್ಳೆ ಮಾರ್ಕ್ಸು ಬಂದ ಹುಡುಗಿಯ ಹಾಗೆ ಮುಖ ಅರಳಿತ್ತು.

ಆಮೇಲೆ ಫಿಟ್ಟರ್ ತಮ್ಮ ಬಲಗೈ ಚಾಚಿ ತೋರಿಸಿದರು. ಅದು ನಡುಗುತ್ತಿತ್ತು. ಪೆನ್ನು ಹಿಡಿದರೆ ತಮ್ಮ ಬರಹ ತಮಗೇ ಓದಲಾಗುವುದಿಲ್ಲವಂತೆ. ನಲವತ್ತು ವರ್ಷ ರಿಪೇರಿ ಮಾಡಿದ ಪಂಪು, ಯಂತ್ರಗಳ ಕಾಯಿಲೆ, ಅದಕ್ಕೆ ಮಾಡಿದ ಮದ್ದು ಎಲ್ಲ ತಲೆಯಲ್ಲಿದೆ, ಬರೆದಿಡಬೇಕು. ಮೊಬೈಲಿನ ಗಾಜಿನ ಮೇಲೆ ಬೆರಳು ನಿಲ್ಲುವುದಿಲ್ಲ, ಒಂದು ಒತ್ತಿದರೆ ಮೂರು ಬೀಳುತ್ತದೆ. ಒತ್ತಿದರೆ ಮಾತ್ರ ಕೆಳಗಿಳಿಯುವ ಗಟ್ಟಿ ಕೀ ಬೇಕು. "ಹೊಸದಾಗಿ ಅಭ್ಯಾಸ ಮಾಡೋ ವಯಸ್ಸಲ್ಲ ನಂದು. ನೋಡ್ಕೊಂಡು ಒಂದೊಂದೇ ಹೊಡೀತೀನಿ. ಅದಕ್ಕೆ ಅಕ್ಷರ ಬೇಕೇ ಬೇಕು."

ಅವರ ಹೆಂಡತಿ ಚಹಾ ತಂದಿಟ್ಟು, "ಮದುವೆಯಾದಾಗಿಂದ ನನಗೊಂದು ಕಾಗದ ಬರೆದವರಲ್ಲ. ಈಗ ಪಂಪುಗಳ ಚರಿತ್ರೆ ಬರೀತಾರಂತೆ" ಎಂದು ಹೋದರು.

ಚಿಕ್ಕಮ್ಮ ಬಿಲ್ಲೆಗಳನ್ನು ತೆಗೆದಳು. ನಾವು ಕತ್ತರಿಯಲ್ಲಿ ಕತ್ತರಿಸಿದ್ದನ್ನು ಫಿಟ್ಟರ್ ಒಪ್ಪಲಿಲ್ಲ, ಅಂಚು ಸೊಟ್ಟ ಎಂದರು. ತಮ್ಮ ಪಂಚಿನಿಂದ ತಗಡು ಕತ್ತರಿಸುವ ಹಾಗೆ ದುಂಡಗೆ ಕತ್ತರಿಸಿ ಕೊಟ್ಟರು. ಹೊಡೆತ ಬೀಳುವ ಗಳಿಗೆಯಲ್ಲಿ ಅವರ ಕೈ ನಡುಗಲಿಲ್ಲ. ನಾನು ಅಕ್ಷರ ಬರೆದೆ, ಚಿಕ್ಕಮ್ಮ ಗೋಂದು ಹಚ್ಚಿ ಅಂಟಿಸಿದಳು. ಒಂದೊಂದು ಕೀಯನ್ನೂ ಅಂಟಿಸುವ ಮೊದಲು ಹೆಬ್ಬೆರಳಿನಿಂದ ಒಮ್ಮೆ ಸವರುತ್ತಿದ್ದಳು. ಅಕ್ಕನಿಗೆಂದು ತಾನೇ ಕಿತ್ತದ್ದನ್ನು ತಾನೇ ಮತ್ತೆ ಕೂರಿಸುವುದು ಸುಲಭದ ಕೆಲಸವಾಗಿರಲಿಲ್ಲ, ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಆದರೆ ಒಂದನ್ನೂ ಬಿಡಲಿಲ್ಲ.

ಮುಗಿದ ಮೇಲೆ ಫಿಟ್ಟರ್ ಕಾಗದ ಹಾಕಿ ಎಲ್ಲ ಕೀಗಳನ್ನೂ ಒತ್ತಿ ಪರೀಕ್ಷಿಸಿದರು. ಎರಡು ಅದಲುಬದಲಾಗಿದ್ದವು. "ನಲವತ್ತಾರಕ್ಕೆ ಎರಡು ತಪ್ಪು," ಎಂದಳು ಚಿಕ್ಕಮ್ಮ, ಕಿತ್ತು ಸರಿಮಾಡುತ್ತ. "ನನ್ನ ಕ್ಲಾಸಲ್ಲಾಗಿದ್ರೆ ಇನ್ನೊಂದು ತಿಂಗಳು ಕೂರಿಸ್ತಿದ್ದೆ."

ಫಿಟ್ಟರ್ ಕೂತು ಒಂದು ಬೆರಳಿನಲ್ಲಿ ಮೊದಲನೇ ಸಾಲು ಹೊಡೆಯತೊಡಗಿದರು. ಮೂಗು ಕೀಗೆ ತಾಗುವಷ್ಟು ಬಗ್ಗಿದ್ದರು. ಹಿಂದೆ ನಿಂತಿದ್ದ ಚಿಕ್ಕಮ್ಮ ತಡೆಯಲಾರದೆ, "ಕೆಳಗೆ ನೋಡಬಾರದು" ಎಂದುಬಿಟ್ಟಳು.

"ನೋಡೋಕೆ ತಾನೇ ಅಂಟಿಸಿದ್ದು?" ಎಂದರು ಅವರು, ತಲೆ ಎತ್ತದೆ.

ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ಸಾಲು ಮುಗಿದು ಗಂಟೆ ಬಾರಿಸಿತು.  ಫಿಟ್ಟರ್ ಕಾಗದ ಹೊರಗೆಳೆದು ಓದಿಕೊಂಡು, "ವಾಪಸ್ ತಗೊಂಡು ಹೋಗೋದೇನೂ ಬೇಡ" ಎಂದರು.

ಬಸ್ ಸ್ಟಾಪಿನ ಕಲ್ಲು ಬೆಂಚಿನ ಮೇಲೆ ಚಿಕ್ಕಮ್ಮ ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಂಜೆ ಬಿಸಿಲು ಎದುರಿನ ಗೋಡೆಗೆ ಬಿದ್ದಿತ್ತು. "ಸುತ್ತಿಗೆ ತಪ್ಪಿತು," ಎಂದಳು. ಚೀಲದ ಮಡಿಕೆ ಸವರುತ್ತ, "ನಿಮ್ಮಮ್ಮ ಇದ್ದಿದ್ರೆ ಇವತ್ತು ನಗ್ತಿದ್ಲು. ಕೊನೆಗೂ ನಿನ್ನ ಕೈಯಲ್ಲೇ ಅಕ್ಷರ ವಾಪಸ್ ಹಾಕಿಸಿದ್ರು ನೋಡು ಅಂತಿದ್ಲು. ನನ್ನ ಮೇಲಿನ ಸಿಟ್ಟನ್ನ ಇಟ್ಕೊಂಡೇ ಹೋದ್ಲು ಕಣೋ ಅವಳು."

ಇನ್ನು ಹೇಳದೆ ಇರಲಾಗಲಿಲ್ಲ. ಆಸ್ಪತ್ರೆಯ ವಿಷಯ ಹೇಳಿದೆ. ಬಾಯಲ್ಲಿ ಹೇಳಿದರೆ ತಿಳಿಯುವುದಲ್ಲವೆಂದು ಅವಳ ಚೀಲದ ಮೇಲೆ ಕೈಯಿಟ್ಟು ಅಮ್ಮನ ಬೆರಳು ಹೋದ ಹಾಗೇ ನನ್ನ ಬೆರಳು ಆಡಿಸಿದೆ. ಎಡಗೈ ಕಿರುಬೆರಳು, ಪಕ್ಕದ್ದು, ನಡುವಿನದು, ತೋರುಬೆರಳು. ಬಲಗೈ. ಹೆಬ್ಬೆರಳು. ಮತ್ತೆ ಮೊದಲಿಂದ. ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ, ಬೆರಳನ್ನೇ ನೋಡಿದಳು, ನನಗೆ ಹದಿನೇಳಿದ್ದಾಗ ನೋಡುತ್ತಿದ್ದ ಹಾಗೆ.

"ಮೊದಲನೇ ಪಾಠ," ಎಂದಳು.

"ಹೂಂ."

"ಎಷ್ಟು ಸಲ?"

"ಎಣಿಸಲಿಲ್ಲ. ಎರಡು ದಿನವೂ ಅದೇ."

"ಕಣ್ಣು ತೆರೆದಿದ್ಲಾ?"

"ಇಲ್ಲ. ಮುಚ್ಚಿದ್ಲು."

ನಮ್ಮ ಬಸ್ಸು ಬಂತು. ಕಂಡಕ್ಟರ್ ನಮ್ಮ ಕಡೆ ನೋಡಿ, ಏಳದ್ದನ್ನು ಕಂಡು ಸೀಟಿ ಊದಿದ. ಬಸ್ಸು ಹೋಯಿತು. ಚಿಕ್ಕಮ್ಮ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆಮೇಲೆ ಕೇಳಿದಳು.

"ತಪ್ಪಿತ್ತಾ?"

"ಒಂದೂ ಇರಲಿಲ್ಲ ಚಿಕ್ಕಮ್ಮ."

ಗುಜರಿಯವನ ಸುತ್ತಿಗೆಗೂ ಅಳದವಳು ಆಗ ಅತ್ತಳು. ನಾನೂ ಅತ್ತೆ. ಮುಂದಿನ ಬಸ್ಸು ಬರಲು ಮುಕ್ಕಾಲು ಗಂಟೆ ಹಿಡಿಯಿತು.